ಟೈ ಗಂಟು

ಪೇ ಶಾನ್‌ಳ ಕೈ ಆಗಲೇ ಟಿಯೋ ಅವರ ಟೈ ಗಂಟಿನ ಮೇಲಿತ್ತು. ಬಾಯಿಂದ ಮಾತೂ ಹೊರಬಿದ್ದಿತ್ತು: "ಅಂಕಲ್, ಟೈ ಸರಿ ಮಾಡ್ತೀನಿ, ಹೆದರ್ಬೇಡಿ."

ಅವಳಂತೆ ಹೆಣಗಳಿಗೆ ಬಟ್ಟೆ ತೊಡಿಸುವ ಕೆಲಸದವರು ಹೀಗೆ ಹೇಳದೆ ಮೈ ಮುಟ್ಟುವುದಿಲ್ಲ. ಹೇಳಿ ಹೇಳಿ ರೂಢಿಯಾದ ಮಾತು ಈಗ ಎಂಬಿಎ ಸಂದರ್ಶನದಲ್ಲಿ, ತೋ ಪಾಯೋ ಬಡಾವಣೆಯ ಕಾಫಿ ಅಂಗಡಿಯಲ್ಲಿ, ಅವಳನ್ನು ಅಳೆಯಲು ಕಾಲೇಜು ಕಳಿಸಿದ್ದ ಹಳೇ ವಿದ್ಯಾರ್ಥಿ ಟಿಯೋ ಅವರ ಎದುರಿಗೇ ಜಾರಿಬಿಟ್ಟಿತ್ತು. ಅಲ್ಲಿಯವರೆಗೆ ಎಲ್ಲ ಸರಿಯಾಗಿಯೇ ನಡೆದಿತ್ತು. "ಇರೋ ಕೆಲಸ ಯಾಕಮ್ಮ ಬಿಡ್ತೀಯ?" ಎಂದು ಅವರು ಕೇಳಿದ್ದರು. "ಇಷ್ಟು ವರ್ಷ ಉತ್ತರ ಕೊಡದವರ ಜೊತೆ ಮಾತಾಡಿದ್ದು ಸಾಕು ಸರ್. ಇನ್ನು ಉತ್ತರ ಕೊಡೋರ ಜೊತೆ ಕೆಲಸ ಮಾಡ್ಬೇಕು," ಎಂದು ಕನ್ನಡಿ ಎದುರು ಅಭ್ಯಾಸ ಮಾಡಿದ್ದನ್ನು ದಿಟ್ಟವಾಗಿ ಒಪ್ಪಿಸಿದ್ದಳು. ಅವರು ತಲೆಯಾಡಿಸಿದಾಗ ಗಂಟು ಒಂದು ಬದಿಗೆ ಸರಿಯಿತು. ಅವಳ ಕೈ ಸುಮ್ಮನಿರಲಿಲ್ಲ.

ಸೀಟು ಹೋಯಿತು ಅಂದುಕೊಂಡಳು. ಕೈ ಹಿಂದಕ್ಕೆ ಎಳೆದುಕೊಳ್ಳುವಷ್ಟರಲ್ಲಿ ಟಿಯೋ ಕಣ್ಣು ಮುಚ್ಚಿದರು. ತೋಳುಗಳನ್ನು ಮೈಗೆ ಅಂಟಿಸಿಕೊಂಡು, ಅವಳಿಗೆ ಅನುಕೂಲವಾಗಲೆಂಬಂತೆ ಗದ್ದವನ್ನು ತುಸು ಮೇಲೆತ್ತಿದರು. ಅವರು ಮುಟ್ಟದೇ ಬಿಟ್ಟಿದ್ದ ಕಾಫಿ ಲೋಟದಲ್ಲಿ ಕೆನೆಗಟ್ಟಿತ್ತು. ಮಧ್ಯಾಹ್ನದ ಧಗೆಗೆ ಅಂಗಡಿಯಲ್ಲಿದ್ದವರೆಲ್ಲ ಬೆವರುತ್ತಿದ್ದರು. ಬೆರಳಿಗೆ ತಾಗಿದ ಕುತ್ತಿಗೆ ಮಾತ್ರ ತಣ್ಣಗಿತ್ತು. ಆ ತಣುಪು ಅವಳ ಬೆರಳುಗಳಿಗೆ ಚೆನ್ನಾಗಿ ಗೊತ್ತಿತ್ತು.

"ಅವತ್ತು ನಂಗೆ ಟೈ ಕಟ್ಟೋವಾಗ್ಲೂ ನೀನು ಹೀಗೇ ಹೇಳಿದ್ದೆ," ಎಂದರು ಟಿಯೋ, ಕಣ್ಣು ತೆರೆಯದೆ. "ಹೇಳಿದ್ದಕ್ಕೇ ನಂಗೆ ಹೆದರಿಕೆ ಆಗ್ಲಿಲ್ಲ. ನೀನು ಹೋಗ್ಬಿಟ್ರೆ ನಮಗೆ ಯಾರಮ್ಮ ಹೇಳ್ತಾರೆ?"