ಮೂರರಲ್ಲೊಂದು ಮಸಿಕಡಲೆ

ಅಜ್ಜಿ ಮೋಸ ಮಾಡುತ್ತಿದ್ದಾಳೆ. ಸಿಹಾಮ್‌ಗೆ ಅನುಮಾನವೇ ಉಳಿದಿರಲಿಲ್ಲ.

ಮೀಲಾ ಪಟ್ಟಣದ ಆ ಮನೆಯವರು ಬೇಸಿಗೆಯಲ್ಲಿ ಒಂದು ದಿನ ವ್ಯಾನು ಮಾಡಿಕೊಂಡು ಜೀಜೆಲ್‌ನ ಕಡಲಿಗೆ ಹೋಗುತ್ತಿದ್ದರು. ವರ್ಷಕ್ಕಾಗುವಷ್ಟು ಗೋಧಿರವೆಯ ಕುಸ್‌ಕುಸ್ ಮಾಳಿಗೆಯ ಮೇಲೆ ಒಣಗುವ ಕಾಲವೂ ಅದೇ. ಗುಬ್ಬಿ ಓಡಿಸಲು ಒಬ್ಬ ಸೊಸೆ ಉಳಿಯಲೇಬೇಕು. ಯಾರೆಂಬುದನ್ನು ಅಜ್ಜಿ ಯಮೀನಾಳ ಬಟ್ಟೆಚೀಲ ಹೇಳುತ್ತಿತ್ತು. ಮೂವರು ಸೊಸೆಯರಿಗೆ ಮೂರು ಕಾಬೂಲಿ ಕಡಲೆ, ಒಂದಕ್ಕೆ ಮಸಿ. ಮಸಿಕಡಲೆ ಹೊರಬಂದರೆ ಅಲ್ಲಿಗೆ ಮುಗಿಯಿತು. ಎತ್ತಿದವಳು ಮನೆಯಲ್ಲಿ, ಉಳಿದವರು ಕಡಲಲ್ಲಿ.

ಕಳೆದ ಮೂರು ಬೇಸಿಗೆಯೂ ಅದು ಬಂದದ್ದು ಸಿಹಾಮ್‌ಳ ಅಮ್ಮ, ಕಿರಿಸೊಸೆ ವರ್ದಾಳ ಕೈಗೆ.

ಈ ವರ್ಷ ಶಾಲೆ ಮುಚ್ಚುವ ಮೊದಲು ಮೇಷ್ಟ್ರು ಸಂಭವನೀಯತೆಯ ಪಾಠ ಮಾಡಿದ್ದರು. ಒಂದು ಸಲಕ್ಕೆ ಮೂರರಲ್ಲೊಂದು. ಸತತ ಎರಡು ಸಲಕ್ಕೆ ಒಂಬತ್ತರಲ್ಲೊಂದು. ಮೂರು ಸಲಕ್ಕೆ? ಇಪ್ಪತ್ತೇಳರಲ್ಲೊಂದು!

"ಅಮ್ಮಾ, ಇದು ಅದೃಷ್ಟ ಅಲ್ಲ. ಅಜ್ಜಿ ಕೈಚಳಕ."

"ಬಾಯಿ ಮುಚ್ಚೇ! ಅತ್ತೆ ಕಿವಿಗೆ ಬಿದ್ರೆ ನಿನ್ನನ್ನೂ ನನ್ನ ಜೊತೆ ಗುಬ್ಬಿ ಕಾಯೋಕೆ ಕೂರಿಸ್ತಾರೆ. ಆಮೇಲೆ ನನ್ನ ಗತಿ?" ವರ್ದಾ ನಕ್ಕಳು. "ನನ್ನ ಹಣೇಲಿ ಸಮುದ್ರ ಬರೆದಿಲ್ಲ, ಬಿಡು."

ಸಿಹಾಮ್‌ಗೆ ಕಳೆದ ಬೇಸಿಗೆ ನೆನಪಾಯಿತು. ಕಡಲಿಂದ ಮರಳಿ ಬಂದಾಗ ಬೀದಿಯ ತಿರುವಿಗೇ ಮನೆಯ ರೇಡಿಯೋ ಕೇಳಿಸಿತ್ತು. ಅಮ್ಮ ಅಂಗೈ ತುಂಬ ಮದರಂಗಿ ಹಚ್ಚಿಕೊಂಡು ಒಬ್ಬಳೇ ಕೂತಿದ್ದಳು. ಪಾಪ, ಹೊತ್ತು ಹೋಗಬೇಕಲ್ಲ.

ಈ ಸಲ ಅಜ್ಜಿ ಚೀಲ ಕಟ್ಟಿಟ್ಟು ನಮಾಜಿಗೆ ಹೋದಳು. ಸಿಹಾಮ್ ಬಿಚ್ಚಿ ನೋಡಿದಳು. ಎರಡು ಬಿಳಿ, ಒಂದು ಮಸಿ. ಮೋಸವೇ ಇಲ್ಲ! ಹಾಗಾದರೆ ಆ ಇಪ್ಪತ್ತೇಳರಲ್ಲೊಂದು ನಿಜವಾಗಿಯೂ ಅಮ್ಮನ ತಲೆಯ ಮೇಲೆ ಬಿದ್ದಿತ್ತು. ಇನ್ನೊಮ್ಮೆ ಬೀಳಬಾರದು. ಮಸಿಕಡಲೆಯನ್ನು ಜೇಬಿಗಿಳಿಸಿ, ಅಡುಗೆಮನೆಯಿಂದ ಬಿಳಿಯದೊಂದನ್ನು ತಂದು ಹಾಕಿದಳು. ಗುಬ್ಬಿಯನ್ನು ಅಜ್ಜಿಯೇ ಓಡಿಸಲಿ. ಈಗ ಸಂಭವ ಸೊನ್ನೆ.

ಸೊಸೆಯರು ಸೇರಿದರು. ಅಜ್ಜಿ ಚೀಲ ಕುಲುಕಿದಳು. "ಯಾರ್ರೇ ಮೊದಲು?"

"ಯಾವತ್ತಿನ ಹಾಗೆ ನಾನೇ, ಅತ್ತೆ. ಕೆಟ್ಟದ್ದು ಬೇಗ ಮುಗೀಲಿ." ವರ್ದಾ ಉದ್ದ ತೋಳು ಸರಿಮಾಡಿಕೊಂಡು ಕೈ ಹಾಕಿದಳು. ಮುಷ್ಟಿ ಹೊರತೆಗೆದು ಬಿಚ್ಚಿದಳು.

"ಅಯ್ಯೋ, ಮತ್ತೆ ನಿನಗೇನಾ?" ಹಿರಿಸೊಸೆ ಲೊಚಗುಟ್ಟಿದಳು.

ಅಂಗೈಯಲ್ಲಿ ಮಸಿಕಡಲೆ.

ಸಿಹಾಮ್ ಜೇಬು ಮುಟ್ಟಿ ನೋಡಿಕೊಂಡಳು. ಅಜ್ಜಿಯ ಮಸಿಕಡಲೆ ಅಲ್ಲೇ ಇತ್ತು.