ದಿನಕ್ಕೆ ನಾಲ್ಕು ಗಂಟೆ

ಫ್ರಿಜ್ ಬಾಗಿಲಿಗೆ ಸೊಸೆ ಅಂಟಿಸಿದ್ದ ಹಾಳೆಯನ್ನು ಮಾವ ಕನ್ನಡಕ ಏರಿಸಿಕೊಂಡು ಮೇಲಿಂದ ಕೆಳಗಿನವರೆಗೆ ಓದಿದರು. ಬೆಳಿಗ್ಗೆ ನಾಲ್ಕರಿಂದ ಆರು ಗಣಿತ. ಸಂಜೆ ಏಳೂವರೆಯಿಂದ ಒಂಬತ್ತೂವರೆ ಇಂಗ್ಲಿಷ್. ಭಾನುವಾರ ಇಡೀ ದಿನ ಮಾದರಿ ಪರೀಕ್ಷೆ. ಓದಿ ಮುಗಿಸಿ ನಕ್ಕೇಬಿಟ್ಟರು.

"ಇದು ಓಡೋ ಬಸ್ಸಲ್ಲ ಬಿಡಮ್ಮ. ದಿನಕ್ಕೆ ನಾಲ್ಕು ಗಂಟೆ! ಯಾರ ದಿನ ಇದು?"

ಸೊಸೆಗೆ ಚುರುಕ್ಕೆಂದಿತು. ಎಂಬಿಎ ಪ್ರವೇಶ ಪರೀಕ್ಷೆಯಲ್ಲಿ ಹೋದ ಸಲ ಮೂವತ್ತು ಅಂಕ ಕಡಿಮೆಯಾಗಿ ಸೀಟು ಕೈತಪ್ಪಿತ್ತು. ಹನ್ನೊಂದು ವರ್ಷದಿಂದ ರಕ್ತಪರೀಕ್ಷೆಯ ಲ್ಯಾಬಿನಲ್ಲಿ ದುಡಿಯುತ್ತಿದ್ದಾಳೆ. ಮ್ಯಾನೇಜರ್ ಕುರ್ಚಿ ಖಾಲಿಯಾದ ಎರಡು ಸಲವೂ ಅವಳೇ ಕೆಲಸ ಕಲಿಸಿದವರು ಬಂದು ಕೂತರು, ಕೈಯಲ್ಲಿ ಆ ಡಿಗ್ರಿ ಇತ್ತೆಂದು. ಮರುಪರೀಕ್ಷೆಗೆ ಇನ್ನು ಹತ್ತೇ ವಾರ. ಈ ಸಲವೂ ತಪ್ಪಿದರೆ ಸಂಜೆ ಕಾಲೇಜಿನ ವಯೋಮಿತಿ ದಾಟಿಹೋಗುತ್ತದೆ, ಮತ್ತೆ ಆ ಮಾತೇ ಇಲ್ಲ.

"ಹೋದ ಸಲವೂ ಇದೇ ಪಟ್ಟಿ ತಾನೆ?" ಮಾವ ಕೇಳಿದರು.

"ಹೂಂ ಮಾವ. ಮೂರು ದಿನ ನಡೀತು. ಆಮೇಲೆ... ನನಗೇ ಮನಸ್ಸು ಗಟ್ಟಿ ಇರ್ಲಿಲ್ಲ."

"ಮನಸ್ಸಿಗೇನಾಗಿದೆ ಧಾಡಿ? ಪಟ್ಟಿ ಸರಿ ಇರ್ಲಿಲ್ಲ."

ಮಾವ ಮೂವತ್ತೊಂದು ವರ್ಷ ಬಸ್ ಡಿಪೋದಲ್ಲಿ ಕೂತು ವೇಳಾಪಟ್ಟಿ ಬರೆದವರು. ಸಿಗ್ನಲ್ಲು, ರೈಲ್ವೆ ಗೇಟು, ಚಿಲ್ಲರೆಗೆ ಜಗಳ ತೆಗೆಯುವ ಪ್ರಯಾಣಿಕ, ಎಲ್ಲವನ್ನೂ ಹಿಡಿದು ನಲವತ್ತು ನಿಮಿಷದ ದಾರಿಗೆ ಐವತ್ತೈದು ಹಾಕುತ್ತಿದ್ದ ಆಸಾಮಿ. ಒಂದು ವಾರ ನೋಟ್‌ಬುಕ್ ಹಿಡಿದು ಸೊಸೆಯ ಬೆನ್ನು ಬಿದ್ದರು. ಒಲೆ ಹಚ್ಚಿದ್ದು ಎಷ್ಟಕ್ಕೆ, ಗಂಡನ ಕಾಲುಚೀಲ ಹುಡುಕಿದ್ದು ಎಷ್ಟು ನಿಮಿಷ, ಮಗಳ ಹೋಂವರ್ಕು ಎಷ್ಟು ಹೊತ್ತು, ಎಲ್ಲಾ ಬರೆದಿಟ್ಟರು. ಅವಳು ತವರಿಗೆ ಫೋನು ಹಚ್ಚಿದರೂ ಗಡಿಯಾರ ನೋಡುತ್ತ ಎದುರು ನಿಲ್ಲುತ್ತಿದ್ದರು. "ಅಯ್ಯೋ ಮಾವ, ಇದಕ್ಕೂ ಟೈಮಾ?" ಎಂದರೆ, "ಡ್ರೈವರ್‌ಗಳೂ ಹೀಗೇ ಬೈತಿದ್ರು, ನೀನು ಮಾತಾಡು," ಎನ್ನುತ್ತಿದ್ದರು.

ಭಾನುವಾರ ತಿಂಡಿ ಆದ ಮೇಲೆ ಮಗನನ್ನೂ ಸೊಸೆಯನ್ನೂ ಊಟದ ಮೇಜಿಗೆ ಕರೆದು ಕೂರಿಸಿದರು.

"ಈಗ ನಿನ್ನ ಕೈಗೆ ಸಿಗ್ತಿರೋದು ದಿನಕ್ಕೆ ಮೂವತ್ತೈದು ನಿಮಿಷ. ಡಬ್ಬಿ ತುಂಬೋದು, ಬಟ್ಟೆ ಒಣಗಿಸೋದು, ಹೋಂವರ್ಕು ಇವನಿಗೆ. ಕಾಲುಚೀಲ ಇವನದು, ಇವನೇ ಹುಡುಕ್ಕೊಳ್ಳಲಿ." ಮಗ ಏನೋ ಹೇಳಲು ಬಾಯಿ ತೆರೆದವನು ಅಪ್ಪನ ನೋಟ್‌ಬುಕ್ ನೋಡಿ ಕಾಫಿ ಲೋಟ ಬಾಯಿಗಿಟ್ಟುಕೊಂಡ. "ಇಲ್ಲಿಗೆ ಒಂದೂಕಾಲು ಗಂಟೆ ಆಯ್ತು. ಸಾಲದು. ಹೋದ ಸಲ ಪರೀಕ್ಷೇಲಿ ಟೈಮ್ ಸಾಲದೆ ಕೊನೇ ಎಂಟು ಪ್ರಶ್ನೆ ಮುಟ್ಟಲೇ ಇಲ್ಲ ಅಂದೆಯಲ್ಲ, ದಿನಾ ಗಡಿಯಾರ ಇಟ್ಕೊಂಡು ಅಭ್ಯಾಸ ಆಗ್ಬೇಕು. ಇನ್ನೂ ಮುಕ್ಕಾಲು ಗಂಟೆ ಬೇಕು. ಅದು ಇಲ್ಲಿದೆ."

ಅವರ ಬೆರಳು ನಿಂತ ಸಾಲಿನಲ್ಲಿ ಏಳು ದಿನವೂ ಒಂದೇ ಬರಹವಿತ್ತು: ಸಂಜೆ ಆರೂವರೆಯಿಂದ ಏಳೂಕಾಲು, ಬಾಲ್ಕನಿ, ಮಾವನ ಜೊತೆ.

ಸೊಸೆಯ ಮುಖ ಸಣ್ಣದಾಯಿತು. ಅತ್ತೆ ತೀರಿಕೊಂಡು ಎರಡು ವರ್ಷ. ಅಂದಿನಿಂದ ಆ ಹೊತ್ತಿಗೆ ಅವಳು ಮಾವನ ಪಕ್ಕ ಕುರ್ಚಿ ಎಳೆದುಕೊಂಡು ಕೂರುತ್ತಿದ್ದಳು, ಅವರು ಡಿಪೋದ ಕಥೆ ಹೇಳುತ್ತಿದ್ದರು. ಇಡೀ ದಿನದಲ್ಲಿ ಅವರು ಮನಸ್ಸು ಬಿಚ್ಚಿ ಮಾತಾಡುತ್ತಿದ್ದುದು ಆಗ ಮಾತ್ರ.

"ಅದನ್ನ ಮುಟ್ಟಬೇಡಿ ಮಾವ. ನಾನು ಬೆಳಿಗ್ಗೆ ಬೇಗ ಏಳ್ತೀನಿ."

"ಏಳಲ್ಲ. ಅಲಾರಂ ನಾಲ್ಕು ಸಲ ಬಡ್ಕೊಂಡ್ರೂ ಏಳಲ್ಲ, ಬರ್ಕೊಂಡಿದೀನಿ."

"ಅದು ದಂಡದ ಹೊತ್ತಲ್ಲ ಮಾವ. ನಂಗೆ ಇಷ್ಟ."

"ಇರೋದೇ ಹನ್ನೊಂದು ಕಥೆ ಕಣಮ್ಮ." ಮಾವ ನೋಟ್‌ಬುಕ್ಕಿನಿಂದ ತಲೆ ಎತ್ತಲಿಲ್ಲ. "ಒಂದೊಂದನ್ನೂ ಅರವತ್ತು ಸಲವಾದ್ರೂ ಕೇಳಿದೀಯ. ಪ್ರತಿ ಸಲಾನೂ 'ಆಮೇಲೆ?' ಅಂದಿದೀಯ. ನಂಗೆ ಗೊತ್ತಿಲ್ಲ ಅಂದ್ಕೊಂಡ್ಯಾ?"

ಮಾವ ಆ ಸಾಲಿನ ಮೇಲೆ ನೇರವಾಗಿ ಗೆರೆ ಎಳೆದು, ಪಕ್ಕದಲ್ಲಿ 'ಗಣಿತ, ಗಡಿಯಾರ ಇಟ್ಟು' ಎಂದು ಬರೆದರು. ಅವಳು ಕಣ್ಣೊರೆಸಿಕೊಂಡು, "ಇಷ್ಟಕ್ಕೆ ಮೂವತ್ತು ಅಂಕ ಬರುತ್ತಾ?" ಎಂದಳು.

"ಅದು ನಂಗೊತ್ತಿಲ್ಲ. ಹತ್ತು ವಾರ ಈ ಪಟ್ಟಿ ಓಡುತ್ತೆ, ಅಷ್ಟು ಹೇಳಬಲ್ಲೆ."

ಸೋಮವಾರ ಆರೂವರೆಗೆ ಸೊಸೆ ಕೋಣೆಯಲ್ಲಿ ಕೂತು ಗಡಿಯಾರ ಎದುರಿಗಿಟ್ಟುಕೊಂಡಳು. ಮೂರನೇ ಪ್ರಶ್ನೆಗೇ ಗಾಡಿ ನಿಂತಿತು. ಕಣ್ಣು ಪುಸ್ತಕದಲ್ಲಿ, ಕಿವಿ ಬಾಲ್ಕನಿಯಲ್ಲಿ. ಅಲ್ಲಿ ಕುರ್ಚಿ ಎಳೆದ ಸದ್ದಾಯಿತು. ಸ್ವಲ್ಪ ತಡೆದು ಇನ್ನೊಂದು ಕುರ್ಚಿ ಎಳೆದ ಸದ್ದು. ಎಂಟಕ್ಕೆ ಮುಂಚೆ ಮನೆ ಸೇರದ ಗಂಡ ಇವತ್ತು ಬೇಗ ಬಂದಿದ್ದ. ಮಾವ ಕೆಮ್ಮಿ ಗಂಟಲು ಸರಿಮಾಡಿಕೊಂಡು ಶುರು ಹಚ್ಚಿಕೊಂಡರು: ಡ್ರೈವರೇ ಇಲ್ಲದೆ ಡಿಪೋ ಇಳಿಜಾರಲ್ಲಿ ಹೊರಟ ಬಸ್ಸು, ಸರಿಯಾಗಿ ಸ್ಟಾಪಿನಲ್ಲೇ ಹೋಗಿ ನಿಂತದ್ದು, ಏನೂ ಗೊತ್ತಿಲ್ಲದೆ ನಾಲ್ಕು ಜನ ಹತ್ತಿ ಕೂತು, "ಹೊರಡಿಸ್ರೀ" ಎಂದು ಗದರಿದ್ದು. ಅವಳು ಮೂರನೇ ಪ್ರಶ್ನೆಯನ್ನು ಅಲ್ಲೇ ಬಿಟ್ಟು ನಾಲ್ಕಕ್ಕೆ ಹೋದಳು.

ಹೊರಗೆ ಗಂಡ ಹೋ ಎಂದು ನಕ್ಕ. "ಇದನ್ನ ನಂಗೆ ಯಾವತ್ತೂ ಹೇಳೇ ಇಲ್ವಲ್ಲಪ್ಪ!"

"ನೀನು ಯಾವತ್ತು ಕೂತಿದ್ದೆ?"

ಕುರ್ಚಿ ಹತ್ತಿರಕ್ಕೆ ಸರಿದ ಸದ್ದು. ಆಮೇಲೆ ಮಾವನದೇ ದನಿ, ಪಿಸುಮಾತಿನಲ್ಲಿ:

"ಮೆಲ್ಲಗೆ ನಗೋ. ಒಳಗೆ ಬಸ್ಸು ಹೊರಟಿದೆ."