ಮೂಲೆ ಹರಿದ ಕಾರ್ಡು

ನೀಲಗಿರಿ ಎಣ್ಣೆಯ ವಾಸನೆ ಬಂದರೆ ಸಾಕು, ಈಗಲೂ ನಾನು ಹೈದರಾಬಾದಿನ ನಾಚಾರಂ ಮನೆಯ ಹೊಸ್ತಿಲಲ್ಲಿ ನಿಂತಿರುತ್ತೇನೆ.

ಎದೆಯ ಬೇನೆಯಿದ್ದ ಅಪ್ಪ ಹವೆ ಬದಲಾಗಲೆಂದು ಆ ಬೇಸಿಗೆ ಊಟಿಗೆ ಹೋಗಿದ್ದ. ಸಾಫ್ಟ್‌ವೇರ್ ಕಂಪನಿ ಸೇರಿದ್ದ ಕಾಕಾ ಮನೆಗೆ ಹೊಸದಾಗಿ ಫೋನು ಹಾಕಿಸಿದ್ದ. ಆದರೂ ಅಪ್ಪ ಫೋನು ಮಾಡುತ್ತಿರಲಿಲ್ಲ. ಫೋನಿನಲ್ಲಿ ಕೆಮ್ಮು ಕೇಳಿಸುತ್ತದೆಂದು ಅವ್ವನಿಗೆ ಕಾರ್ಡು ಬರೆಯುತ್ತಿದ್ದ. ಕಾರ್ಡಿಗೆಲ್ಲ ಅವನು ಎದೆಗೆ ತಿಕ್ಕಿಕೊಳ್ಳುವ ಎಣ್ಣೆಯದೇ ವಾಸನೆ.

ಅಂದು ಮಧ್ಯಾಹ್ನ ಬಂದ ಕಾರ್ಡಿನ ಒಂದು ಮೂಲೆ ಹರಿದಿತ್ತು. ನಮ್ಮ ಕಡೆ ಸಾವಿನ ಸುದ್ದಿ ಬರೆದಾಗ ಮಾತ್ರ ಹಾಗೆ ಮೂಲೆ ಹರಿದು ಕಳಿಸುತ್ತಾರೆ. ಅಜ್ಜಿ ಬಾಗಿಲಿಗೆ ಅಡ್ಡ ಕೈ ಚಾಚಿದಳು.

"ಒಳಗ ತರಬ್ಯಾಡ! ಅಲ್ಲೇ ನಿಂತು ಓದವಾ."

ಅವ್ವ ಹೊಸ್ತಿಲಾಚೆಯೇ ನಿಂತು ಕಾರ್ಡು ಓದಿದಳು.

"ಅವರದ ಅಕ್ಷರ ಐತ್ರಿ ಅತ್ತಿ. ಭಾಳ ಆರಾಮ ಅದೀನಿ ಅಂತ ಬರದಾರ."

"ಮತ್ತ ಮೂಲಿ ಯಾಕ ಹರದೈತಿ?"

ಅವ್ವ ಹರಿದ ಅಂಚನ್ನೇ ನೋಡುತ್ತಿದ್ದಳು. "ಟಪಾಲ ಚೀಲದಾಗ ಹರದಿರಬೇಕ್ರಿ."

ಅಜ್ಜಿಗೆ ಹೋದ ಜೀವ ಬಂದಂತಾಯಿತು. "ಹಂಗಾರ ಮೂಲಿಗೆಲ್ಲ ಕುಂಕುಮ ಹಚ್ಚಿ ದೇವರ ಮುಂದ ಇಡು," ಎಂದು ಒಳಗೆ ಹೋದಳು.

ಅವ್ವ ಭರಣಿ ತರುವತನಕ ಕಾರ್ಡು ನನ್ನ ಕೈಯಲ್ಲಿತ್ತು. ಬಂದವಳು ಉಳಿದ ಮೂಲೆಗಳನ್ನು ಮುಟ್ಟಲೇ ಇಲ್ಲ. ಹರಿದ ಅಂಚಿಗಷ್ಟೇ ದಪ್ಪಗೆ ಕುಂಕುಮ ಒತ್ತಿದಳು.

ಕುಂಕುಮ ತಾಕುವ ಮೊದಲೇ ಆ ಅಂಚು ರಕ್ತ ಒಣಗಿ ಕೆಂಪಗಿತ್ತು.